ಆಲೂಗಡ್ಡೆ ಗೋದಾಮಿನ ಸರ್ವದೇಶೀಯ ಸಿನಿಮಾ ಉತ್ಸವ

ನನ್ನ ಭಾವನಿಗೆ ಹುಚ್ಚು ಎಂದು ಕೆತ್ತಿಯ ಕಣಿವೆಯಲ್ಲಿ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಯಾಕೆಂದರೆ ಆ ಮಾತು ಆಡುವ ಹಕ್ಕು ನನ್ನದು. ಅವನಿಗೆ ಅಕ್ಕನನ್ನು ಕೊಟ್ಟ ಮನೆಯವನು ನಾನು. ಅವನ ಜೊತೆ ಇಪ್ಪತ್ತು ವರ್ಷ ಏಗಿದವನು ನಾನು. ಒಂದು ಭಾನುವಾರ ಆಲೂಗಡ್ಡೆಯ ಗೋದಾಮಿನಲ್ಲಿ, ಊರವರೆಲ್ಲರ ಮುಂದೆ, ಜರ್ಮನಿಯ ಯಾವಳೋ ಹೆಂಗಸಿನ ಪರವಾಗಿ ಗಂಟಲು ಹರಿದುಕೊಂಡು ಅತ್ತವನೂ ನಾನೇ. ಹೊರಗಿನವರು ಬಂದು ಎರಡು ನಿಮಿಷ ನೋಡಿ ಹುಚ್ಚ ಅಂದುಬಿಟ್ಟರೆ ನನ್ನ ಶ್ರಮಕ್ಕೆ ಬೆಲೆ ಎಲ್ಲಿ ಬಂತು?

ಸರ್ವದೇಶೀಯ ಸಿನಿಮಾ ಉತ್ಸವವೆಂದು ಈಗ ದೊಡ್ಡ ಪಟ್ಟಣಗಳಲ್ಲಿ ಏನೇನೋ ಮಾಡುತ್ತಾರಂತೆ. ದೀಪ ಹಚ್ಚುತ್ತಾರಂತೆ, ತೀರ್ಪುಗಾರರಂತೆ, ಬಹುಮಾನವಂತೆ. ಮಾಡಲಿ ಪಾಪ. ನಮ್ಮ ಹಟ್ಟಿಯಲ್ಲಿ ಅದರ ಮೊದಲನೆಯ ವರ್ಷ ಎಂದೋ ಮುಗಿದುಹೋಗಿದೆ. ಮಾತಾಡುವ ಸಿನಿಮಾ ಆಗಷ್ಟೇ ಊಟಿಗೆ ಹತ್ತಿ ಬಂದಿದ್ದ ಕಾಲ ಅದು. ನಂಬಿಕೆ ಬರುವುದಿಲ್ಲವೇ? ಅದರ ವಿವರಣೆಕಾರನಾಗಿದ್ದ ನನಗೇ ಎಷ್ಟೋ ಸಲ ನಂಬಿಕೆ ಬರುವುದಿಲ್ಲ.

ಮೊದಲು ಮನುಷ್ಯನ ಪರಿಚಯ ಆಗಲಿ. ನನ್ನ ಭಾವ ಆಲೂಗಡ್ಡೆ ಮತ್ತು ಬಾರ್ಲಿ ಬೆಳೆಯುವ ಸಾಮಾನ್ಯ ಬೇಸಾಯಗಾರ. ಕೈಕಾಲು ಗಟ್ಟಿ, ತಲೆ ಅದಕ್ಕಿಂತ ಗಟ್ಟಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ಕಂಡಿರಬಹುದು. ಇವನು ಆ ಮೊಲ ಹುಟ್ಟಿದ್ದೇ ಮೂರು ಕಾಲಿನಲ್ಲಿ ಎಂದು ಸೂಲಗಿತ್ತಿಯ ಸಾಕ್ಷಿ ತರುವವನು. ಕಣಿವೆಗೆ ಬೆಟ್ಟದ ರೈಲು ಬರುವ ಹೊತ್ತನ್ನು ನೋಡಿ ಅವನು ಊಟಕ್ಕೆ ಕೂರುತ್ತಿದ್ದ. ಒಮ್ಮೆ ಹಳಿಯ ಮೇಲೆ ಮಣ್ಣು ಕುಸಿದು ರೈಲು ಎರಡು ದಿನ ಬರಲಿಲ್ಲ. ಅಕ್ಕ ತಟ್ಟೆ ಹಾಕಿಕೊಂಡು ಕರೆದದ್ದೇ ಕರೆದದ್ದು. "ಹೊತ್ತಾಗಿಲ್ಲೆ" ಎಂದು ಈ ಮಹಾನುಭಾವ ಗುಡ್ಡದ ಮೇಲೆ ಕೂತೇ ಇದ್ದ. ಕೊನೆಗೆ ನಾನು ಬಂಡೆಯ ಹಿಂದೆ ನಿಂತು ರೈಲಿನ ಹಾಗೆ ಸಿಳ್ಳೆ ಹಾಕಿದೆ. ಆಗ ಎದ್ದು ಬಂದು ಉಂಡ. ಉಂಡು ಕೈತೊಳೆಯುತ್ತಾ, "ಡ್ರೈವರು ಹೊಸಬ, ಸಿಳ್ಳೆ ಸರಿಯಿಲ್ಲೆ" ಎಂದ.

ಇಂಥವನನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದವಳು ನನ್ನ ಅಕ್ಕ. ಅಕ್ಕ ಬಾಯಿಗೆ ಹೆಸರಾದವಳು. ಮದುವೆಮನೆಗೆ ಅವಳು ಬಂದಳೆಂದರೆ ಹೆಂಗಸರು ಒತ್ತರಿಸಿಕೊಂಡು ಜಾಗ ಮಾಡಿಕೊಡುತ್ತಿದ್ದರು. ಅವಳು ಪಕ್ಕದಲ್ಲಿ ಕೂತರೆ ನಾಲ್ಕು ದಿನಕ್ಕಾಗುವಷ್ಟು ನಗು ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು. ಒಂದು ಚಳಿಗಾಲ ಅವಳಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಇಳಿಯುವಾಗ ಎರಡು ಕಿವಿಯನ್ನೂ ತೆಗೆದುಕೊಂಡು ಹೋಯಿತು. ನಗಾರಿ ಬಾರಿಸಿದರೂ ಕೇಳದು. ಆಮೇಲೂ ಅಕ್ಕ ಕೆಲವು ತಿಂಗಳು ಮೊದಲಿನ ಹಾಗೆಯೇ ಎಲ್ಲರ ನಡುವೆ ಓಡಾಡಿದಳು. ಒಂದು ದಿನ ಭಾವ ಅವಳನ್ನು ಊಟಿಗೆ ಕರೆದುಕೊಂಡು ಹೋಗಿ ಹೊಸದಾಗಿ ಬಂದ ಮಾತಾಡುವ ಸಿನಿಮಾ ತೋರಿಸಿ ಬಂದ. ಕಿವಿ ಕೇಳದವಳಿಗೆ ಮಾತಾಡುವ ಸಿನಿಮಾ! ಅಲ್ಲಿಂದ ಬಂದವಳು ಮನೆ ಹಿಡಿದುಬಿಟ್ಟಳು. ಮದುವೆಗಿಲ್ಲ, ಹಬ್ಬಕ್ಕಿಲ್ಲ, ಊರ ಮುಂದಿನ ಹುಲ್ಲುಹಾಸಿನ ಮೇಲೆ ಹೆಂಗಸರು ಕೂತು ಮಾತಾಡುವ ಕಡೆಗೂ ಇಲ್ಲ. ಎಲ್ಲರಿಗಿಂತ ಮುಂಚೆ ಹೊಲಕ್ಕೆ ಹೋಗುವುದು, ಎಲ್ಲರೂ ಮನೆ ಸೇರಿದ ಮೇಲೆ ಬರುವುದು. ಹೀಗೇ ಬಿಟ್ಟರೆ ಬದುಕಿರುವಾಗಲೇ ಊರು ಅವಳನ್ನು ಮರೆತುಬಿಡುತ್ತದೆ ಎಂದು ನನಗೆ ಹೆದರಿಕೆಯಾಯಿತು.

ನಾನು ಶಾಲೆಯ ಮೇಷ್ಟ್ರು. ಸುಮ್ಮನಿರುವುದು ನನ್ನ ಕಸುಬಿಗೆ ಒಗ್ಗದು. ಕೊಯಮತ್ತೂರಿನಲ್ಲಿ ಕಿವಿಯ ದೊಡ್ಡ ವೈದ್ಯರಿದ್ದಾರೆ, ಕರೆದುಕೊಂಡು ಹೋಗು ಎಂದು ಭಾವನ ಹಿಂದೆ ಬಿದ್ದೆ. ವಾರಕ್ಕೊಮ್ಮೆ ಹೇಳಿದೆ, ಆಮೇಲೆ ದಿನಕ್ಕೊಮ್ಮೆ ಹೇಳಿದೆ. ಅವನು ಆಲೂಗಡ್ಡೆಯ ಕಣ್ಣು ಕೀಳುತ್ತಾ ಕೇಳಿಸಿಕೊಂಡು, ಒಂದು ದಿನ ಕೈಯ ಮಣ್ಣು ಕೊಡವಿ, "ಮೊದಲು ಒಂದು ಕೆಲಸ ಮುಗೀಲಿ, ಮೇಷ್ಟ್ರೇ" ಎಂದ.

"ಏನು ಕೆಲಸ?"

"ನಂಗ ಹಟ್ಟೀಲಿ ಸಿನಿಮಾ ಹಬ್ಬ ಮಾಡೋದು. ಎಲ್ಲಾ ದೇಶದ್ದೂ."

ಹೇಳಿ, ನನಗೆ ಕೋಪ ಬರಬೇಕೋ ಬೇಡವೋ?

ಈ ದುರ್ಬುದ್ಧಿ ಅವನಿಗೆ ಬಂದದ್ದು ನನ್ನಿಂದಲೇ ಎಂಬುದು ಇನ್ನೂ ದೊಡ್ಡ ಸಂಕಟ. ಊಟಿಯ ಅಂಗಡಿಯಿಂದ ಉಪ್ಪು ಕಟ್ಟಿಸಿಕೊಂಡು ಬಂದ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಯನ್ನು ನಾನೇ ಅವನಿಗೆ ಓದಿ ಹೇಳಿದ್ದೆ. ದೂರದ ಬಿಳಿಯರ ಸೀಮೆಯಲ್ಲಿ ನೀರಿನ ಮೇಲೆ ಕಟ್ಟಿದ ಯಾವುದೋ ಊರಿನಲ್ಲಿ ನಾನಾ ದೇಶದ ಸಿನಿಮಾಗಳನ್ನು ತರಿಸಿ ಹಬ್ಬ ಮಾಡಿದರಂತೆ ಎಂದು ಅದರಲ್ಲಿತ್ತು. "ನೀರ ಮೇಲಿನ ಊರಲ್ಲಿ ಆಗೋದಾದರೆ ಗುಡ್ಡದ ಮೇಲಿನ ಊರಲ್ಲಿ ಏಕ ಆಗದು? ಮುಳುಗೋ ಭಯವೂ ಇಲ್ಲೆ" ಎಂದು ಅವನ ವಾದ. ಇದಕ್ಕೆ ನೀವಾದರೂ ಏನು ಉತ್ತರ ಹೇಳುತ್ತೀರಿ?

ಒಂದು ಷರತ್ತು ಮಾತ್ರ ಅವನದು ಬಿಗಿಯಾಗಿತ್ತು. ಚಿತ್ರಗಳೆಲ್ಲ ಮೂಕ ಚಿತ್ರಗಳೇ ಆಗಬೇಕು. ಮಾತಾಡುವ ಸಿನಿಮಾ ಅಂದರೆ ಅವನಿಗೆ ಮೈಯೆಲ್ಲ ಉರಿ. "ಅದು ಸಿನಿಮಾ ಅಲ್ಲ, ಗೋಡೆಗೆ ಬಾಯಿ ಬಂದದ್ದು" ಎನ್ನುತ್ತಿದ್ದ. ಊಟಿಯಲ್ಲಿ ಜನ ಮಾತಾಡುವ ಸಿನಿಮಾಕ್ಕೆ ಮುಗಿಬಿದ್ದಿರುವಾಗ ಇವನು ಸತ್ತ ಮೂಕ ಚಿತ್ರಕ್ಕೆ ಹಬ್ಬ ಮಾಡಲು ಹೊರಟ. ಎಲ್ಲರೂ ಏರಿಗೆಳೆದರೆ ನಮ್ಮದು ನೀರಿಗೇ ಎಳೆಯಬೇಕಲ್ಲ.

ಊಟಿಯಲ್ಲಿ ಒಬ್ಬ ಡೇರೆ ಸಿನಿಮಾದವನಿದ್ದ. ಮಾತಾಡುವ ಯಂತ್ರ ಕೊಳ್ಳಲಾರದೆ ಡೇರೆ ಬಿಚ್ಚಿ ಮಡಚಿಟ್ಟು, ಮೇಟ್ಟುಪಾಳಯಕ್ಕೆ ಇಳಿದುಹೋಗುವ ಯೋಚನೆಯಲ್ಲಿದ್ದ. ಭಾವ ನನ್ನನ್ನೂ ಎಳೆದುಕೊಂಡು ಅವನ ಬಳಿ ಹೋದ. ಡೇರೆಯವನು ತಗಡಿನ ಡಬ್ಬಿಗಳ ರಾಶಿಯನ್ನು ಕಾಲಿನಿಂದ ತೋರಿಸಿ, "ಎಲ್ಲಾಂ ಊಮೈ ಪಡಂ ಅಯ್ಯಾ. ಮೂಗ ಚಿತ್ರ. ಈಗ ನಾಯಿ ಸಹ ನೋಡದು" ಎಂದ.

"ನಂಗ ನೋಡುವೆವು. ಇದು ಯಾವ ದೇಶದ್ದು?" ಭಾವ ಒಂದು ಡಬ್ಬಿ ತಟ್ಟಿದ.

"ತೆರಿಯಾದು. ನನಗೇನು ಗೊತ್ತು? ಚೀಟಿ ಎಲ್ಲಾ ಇಲಿ ತಿಂದಿದೆ."

ಅಷ್ಟಕ್ಕೆ ಭಾವ ಹೆದರಿದನೇ? ಸುರುಳಿಯನ್ನು ಬೆಳಕಿಗೆ ಹಿಡಿದು ತಾನೇ ದೇಶ ನಿಶ್ಚಯ ಮಾಡಿದ. ಉದ್ದ ಟೋಪಿ ಇದ್ದರೆ ಇಂಗ್ಲೆಂಡು. ಹಿಮ ಬಿದ್ದಿದ್ದರೆ ಜರ್ಮನಿ. ಹೆಂಗಸು ಕುರ್ಚಿಯ ಮೇಲೆ ಕೂತು ಗಂಡಸು ನಿಂತಿದ್ದರೆ ಫ್ರಾನ್ಸು. ಜನ ಬಿದ್ದು ಏಳುತ್ತಿದ್ದರೆ ಅಮೆರಿಕ. ಹೀಗೆ ಅರ್ಧ ಗಂಟೆಯಲ್ಲಿ ನಾಲ್ಕು ದೇಶಗಳು ಗೊತ್ತಾದವು. ಜರ್ಮನಿಗೆ ಕೊನೆಯ ಸುರುಳಿ ಇರಲಿಲ್ಲ, ಫ್ರಾನ್ಸಿಗೆ ಮೊದಲನೆಯದು ಇರಲಿಲ್ಲ. ಅದನ್ನು ನಾನು ತೋರಿಸಿಕೊಟ್ಟರೆ, "ಒಂದರ ಬಾಲಕ್ಕೆ ಇನ್ನೊಂದರ ತಲೆ ಸರಿಹೋಯಿತು, ಬಿಡು" ಎಂದ. ಡೇರೆಯವನು ತನ್ನ ಕೈಯಲ್ಲಿ ತಿರುಗಿಸುವ ಯಂತ್ರವನ್ನೂ ಗ್ಯಾಸಿನ ದೀಪವನ್ನೂ ಒಂದು ಭಾನುವಾರಕ್ಕೆ ಕೊಟ್ಟ. ಬಾಡಿಗೆಯಾಗಿ ಆಲೂಗಡ್ಡೆಯ ಮೂಟೆಗಳು ಆ ಕಡೆಗೆ ಹೋದವು. ಹತ್ತಿರ ಬೀಡಿ ಸೇದಿದರೆ ಸುರುಳಿ ಭಗ್ಗೆಂದು ಹೊತ್ತಿಕೊಳ್ಳುತ್ತದೆ ಎಂದು ಅವನು ಎಚ್ಚರಿಸಿದ ಮೇಲೆ ಭಾವನ ಆನಂದ ಇಮ್ಮಡಿಯಾಯಿತು. ಅಪಾಯವೂ ಇಲ್ಲದಿದ್ದರೆ ಅದು ಎಂಥ ಹಬ್ಬ?

ಇನ್ನು ಊರ ಗೌಡರ ಒಪ್ಪಿಗೆ ಆಗಬೇಕಿತ್ತು. ಗೌಡರು ಎಂಬತ್ತು ದಾಟಿದವರು. ಎಲೆಯಡಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ, "ಬೊಂಬೆ ಬೇಡ" ಎಂದುಬಿಟ್ಟರು. ಆಗ ಭಾವ, "ಐದು ಜನ ಹಿರಿಯರು ತೀರ್ಪು ಕೊಡಬೇಕು ಅಪ್ಪಾ. ಆ ಊರಲ್ಲಿ ಹಂಗೇ ಮಾಡಿದರಂತೆ. ನೀವಿಲ್ಲದೆ ತೀರ್ಪು ಎತ್ತೆ ಆದೀತು?" ಎಂದ. ಗೌಡರ ಬೆನ್ನು ನೆಟ್ಟಗಾಯಿತು. "ತೀರ್ಪು ಅಂದರೆ ನಂಗ ಕೆಲಸ. ಅದನ್ನು ಮೊದಲೇ ಹೇಳೋದಲ್ಲವಾ" ಎಂದರು. ಯಾವ ಸಿನಿಮಾ ಚೆಂದ ಎಂದು ಆರಿಸುವ ತೀರ್ಪು ಅದು ಎಂಬುದನ್ನು ಭಾವ ಹೇಳಲೂ ಇಲ್ಲ, ಅವರು ಕೇಳಲೂ ಇಲ್ಲ.

ಜಾಗ ನಮ್ಮ ಆಲೂಗಡ್ಡೆಯ ಗೋದಾಮು. ಕಿಂಡಿಗಳಿಗೆ ಗೋಣಿ ತುರುಕಿದರೆ ಮಟಮಟ ಮಧ್ಯಾಹ್ನವೇ ಕತ್ತಲು. ಕೂರಲು ಮೂಟೆಗಳು. ಬಾಗಿಲಿಗೆ ಒಂದು ಹಲಗೆ, ಅದರ ಮೇಲೆ ನನ್ನ ಕೈಯಲ್ಲೇ ಬರೆಸಿದ್ದು: "ಸರ್ವದೇಶೀಯ ಸಿನಿಮಾ ಉತ್ಸವ, ಮೊದಲನೆಯ ವರ್ಷ." ಅಂದರೆ ಎರಡನೆಯ ವರ್ಷವೂ ಇದೆ ಎಂದಾಯಿತಲ್ಲ! ಗೂಡಲೂರಿನ ಕಡೆಯಿಂದ ಬಂದು ಸ್ಟೇಷನ್ನಿನ ಬಳಿ ಚಾಯ ಮಾರುತ್ತಿದ್ದ ಮಲಯಾಳಿಯನ್ನೂ, ತಮಿಳು ಪೋರ್ಟರನ್ನೂ ಭಾವ ಕರೆತಂದು ಮುಂದಿನ ಮೂಟೆಯ ಮೇಲೆ ಕೂರಿಸಿದ. ಅವರು ವಿದೇಶದ ಪ್ರತಿನಿಧಿಗಳಂತೆ.

ತೆರೆಗೆ ಅಷ್ಟಗಲದ ಬಿಳಿ ಬಟ್ಟೆ ಎಲ್ಲಿಂದ ಬರಬೇಕು? ನಮ್ಮ ಗಂಡಸರು ಮೈಮೇಲೆ ಹೊದೆಯುವ ಬಿಳಿಯ ಸೀಲೆಗಳಿವೆಯಲ್ಲ, ಅಂಚಿಗೆ ಕೆಂಪು ಕರೆ ಇರುವಂಥವು, ಅವನ್ನೇ ಮನೆಗೊಂದರಂತೆ ಎತ್ತಿದ. ಹನ್ನೆರಡು ಸೀಲೆ ಸೇರಿಸಿ ಹೊಲಿಯುವ ಕೆಲಸ ಅಕ್ಕನಿಗೆ. ಹೊಲಿದ ಮೇಲೆ ಹಬ್ಬದ ದಿನ ಅವುಗಳನ್ನು ಕಾಯುವ ಕೆಲಸವೂ ಅಕ್ಕನಿಗೇ. ಹಿರಿಯರ ಸೀಲೆಗೆ ಕಿಡಿ ಬಿದ್ದರೆ, ಯಾರಾದರೂ ಮೂಗು ಒರೆಸಿದರೆ ಯಾರು ಹೊಣೆ ಎಂದು ಭಾವ ಕೈಸನ್ನೆ ಮಾಡಿ ಹೆದರಿಸಿದ. ಬರುವುದಿಲ್ಲವೆಂದು ಹಟ ಹಿಡಿದಿದ್ದ ಅಕ್ಕ ಹೀಗೆ ಸೀಲೆಯ ಕಾವಲಿಗೆ ಬಂದಳು. ಕಿವಿ ಕಳೆದುಕೊಂಡ ಹೆಂಡತಿಯನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಬಿಟ್ಟು ಬಟ್ಟೆ ಕಾಯಲು ಹಾಕಿದ್ದಾನಲ್ಲ ಎಂದು ನನಗೆ ಸಿಟ್ಟು ಬಂತು. ಅದನ್ನು ಅವನ ಮುಖಕ್ಕೇ ಹೇಳಿದೆ. "ಆಮೇಲೆ ಬೈಯಿ, ಈಗ ದೀಪ ಹಿಡಿ" ಎಂದ.

ತೆರೆಯನ್ನು ಗೋದಾಮಿನ ನಡುಮಧ್ಯಕ್ಕೆ ಕಟ್ಟಿದ್ದರು. ಈಚೆ ಗಂಡಸರು ಮತ್ತು ಯಂತ್ರ, ಆಚೆ ಹೆಂಗಸರು. ಬಟ್ಟೆ ತೆಳುವಾದ್ದರಿಂದ ಚಿತ್ರ ಎರಡೂ ಕಡೆ ಕಾಣುತ್ತಿತ್ತು. ಆಚೆ ಕಡೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು, ಅಷ್ಟೆ. ಅಕ್ಷರವೂ ತಿರುಗಿ ಕಾಣುತ್ತಿತ್ತು. ನನ್ನನ್ನು ಬಿಟ್ಟು ಯಾರಿಗೂ ಓದಲು ಬಾರದ ಅಕ್ಷರ ಹೇಗೆ ತಿರುಗಿದರೇನು? ನಾನು ತೆರೆಯ ಅಂಚಿನಲ್ಲಿ ಎರಡೂ ಕಡೆಗೆ ಮುಖ ಮಾಡಿ ನಿಂತು ಇಂಗ್ಲಿಷ್ ಓದಿ ಕಥೆ ಹೇಳಬೇಕು. ಭಾವ ಯಂತ್ರದ ಹಿಡಿ ತಿರುಗಿಸತೊಡಗಿದ. ಸೀಲೆಯ ಕೆಂಪು ಕರೆ ನಟ್ಟನಡುವೆ ಅಡ್ಡ ಬಂದು, ಇಂಗ್ಲೆಂಡಿನ ದೊರೆಗಳೆಲ್ಲ ಸೊಂಟಕ್ಕೆ ನಮ್ಮ ಹಟ್ಟಿಯ ಅಂಚು ಕಟ್ಟಿಕೊಂಡೇ ಪ್ರತ್ಯಕ್ಷರಾದರು.

ಮೊದಲನೆಯ ತೊಂದರೆ ಇಂಗ್ಲೆಂಡಿನಿಂದಲೇ ಬಂತು. ಆ ಕಥೆಯಲ್ಲಿ ಒಬ್ಬ ಗಡ್ಡದ ಮುದುಕ. ಮಗನನ್ನು ಮನೆಯಿಂದ ಹೊರಗೆ ಹೋಗು ಎಂದು ಕೈ ಎತ್ತುತ್ತಾನೆ. ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆಗೆ ಸುತ್ತಿದ ಮಂಡರೆ ತೆಗೆದು ಬಗ್ಗಬೇಕು, ಅವರು ತಲೆ ಮುಟ್ಟಿ ಹರಸಬೇಕು, ಹರಸುವವರೆಗೆ ಏಳುವ ಹಾಗಿಲ್ಲ. ಅಷ್ಟು ದೊಡ್ಡ ಗಡ್ಡ, ಮೇಲಕ್ಕೆತ್ತಿದ ಕೈ! ಗೋದಾಮಿನಲ್ಲಿದ್ದ ಕಿರಿಯರೆಲ್ಲ ಮಂಡರೆ ತೆಗೆದು ಬಗ್ಗಿಯೇಬಿಟ್ಟರು. ಅವನು ಹರಸುವುದಿಲ್ಲ, ಇವರು ಏಳುವುದಿಲ್ಲ. ಚಿತ್ರ ತನ್ನಷ್ಟಕ್ಕೆ ಓಡುತ್ತಿದೆ. ಕೊನೆಗೆ ನಾನೇ ಮುದುಕನ ಪರವಾಗಿ, "ಬದುಕಿ, ಬದುಕಿ, ಒಂದು ನೂರಾಗಲಿ" ಎಂದೆ. ಎಲ್ಲರೂ ತಲೆ ಎತ್ತಿದರು. ಎತ್ತುವಷ್ಟರಲ್ಲಿ ಆ ಪಾಪಿ ಮತ್ತೆ ಬಂದ. ಹೀಗೆ ಏಳು ಸಲ. ಮುದುಕ ಸತ್ತಾಗ ನನಗಾದ ಸಮಾಧಾನ ಆಸ್ತಿ ಸಿಕ್ಕಿದ ಅವನ ಮಗನಿಗೂ ಆಗಿರಲಾರದು.

ಎರಡನೆಯದು ಭಾವನ ತೋಳಿನ ತೊಂದರೆ. ಬಲಗೈ ಸೋತಾಗ ಚಿತ್ರ ನಿಧಾನವಾಗುತ್ತಿತ್ತು, ಎಡಗೈಗೆ ಬದಲಾಯಿಸಿದಾಗ ಓಡುತ್ತಿತ್ತು. ಮುದುಕನ ಹೆಣ ಹೊತ್ತವರು ಸ್ಮಶಾನದವರೆಗೆ ತೂಕಡಿಸುತ್ತಾ ಹೋಗಿ, ಗೇಟು ಬಂದ ಕೂಡಲೇ ಕುದುರೆ ರೇಸಿನ ಹಾಗೆ ಓಡಿದರು. ಬೇರೆಯವರಿಗೆ ಹಿಡಿ ಕೊಡು ಎಂದರೆ ಕೊಡಲೊಲ್ಲ. ಬೆವರು ಹರಿಯುತ್ತಿದೆ, ಕಣ್ಣು ಮಾತ್ರ ತೆರೆಯ ಮೇಲೆ ನೆಟ್ಟಿದೆ. ತೆರೆಯ ಮೇಲಿನ ಚಿತ್ರವನ್ನು ಅವನು ನೋಡುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ಜರ್ಮನಿ. ದಪ್ಪ ಮೀಸೆಯ ಒಬ್ಬ, ಅವನ ಹೆಂಡತಿ, ಹೊರಗೆ ಹಿಮ. ಅವನು ಹೆಂಡತಿಯನ್ನು ಬಿಟ್ಟು ರೈಲು ಹತ್ತುತ್ತಾನೆ. ಅವಳು ಹಿಮದಲ್ಲಿ ನಿಂತು, ಕುತ್ತಿಗೆ ಸವರಿಕೊಂಡು ಬಾಯಿ ಆಡಿಸುತ್ತಾಳೆ. ನಾನು ಅವಳ ಪರವಾಗಿ ಅತ್ತೆ. ನಿಜವಾಗಿಯೂ ಚೆನ್ನಾಗಿ ಅತ್ತೆ. ಹೆಂಗಸರ ಕಡೆಯಿಂದ ಮೂಗೆಳೆಯುವ ಸದ್ದು ಬಂತು. ಗಂಟಲು ಒಣಗಿ ಒಂದು ಗುಟುಕು ಚಾಯ ಕುಡಿಯಲು ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಭಾವ ಮಧ್ಯೆ ನಿಲ್ಲಿಸದೆ ಫ್ರಾನ್ಸು ಸೇರಿಸಿಬಿಟ್ಟಿದ್ದ. ಮೀಸೆಯಿಲ್ಲದ ಒಬ್ಬ ಗಂಡಸು, ನಿಂತುಕೊಂಡು, ಕುರ್ಚಿಯಲ್ಲಿ ಕೂತ ಬೇರೊಬ್ಬ ಹೆಂಗಸಿಗೆ ಹಣ್ಣು ಸುಲಿದು ಕೊಡುತ್ತಿದ್ದ.

"ಯಂತ್ರ ನಿಲ್ಲಿಸು" ಎಂದರು ಗೌಡರು.

ಭಾವ ನಿಲ್ಲಿಸಿದ. ಕಿಂಡಿಯ ಗೋಣಿ ತೆಗೆಸಿ ಬೆಳಕು ಮಾಡಿಸಿದರು. ಐವರು ಹಿರಿಯರೂ ಎದ್ದು, ತಮ್ಮ ಮೂಟೆಗಳನ್ನು ಸರಿಸಿ, ಊರ ಕೂಟಕ್ಕೆ ಕೂರುವ ಹಾಗೆ ಅರೆವೃತ್ತವಾಗಿ ಕೂತರು. ಆಗ ನನಗೆ ಹೊಳೆಯಿತು. ಇವರು ಸಿನಿಮಾ ನೋಡಲು ಬಂದೇ ಇಲ್ಲ. ವ್ಯಾಜ್ಯ ಕೇಳಲು ಬಂದಿದ್ದಾರೆ!

"ಕಟ್ಟಿಕೊಂಡ ಹೆಮ್ಮಾತಿಯ ಹಿಮದಲ್ಲಿ ನಿಲ್ಲಿಸಿ, ಮೀಸೆ ಬೋಳಿಸಿ ಗುರುತು ಮರೆಸಿಕೊಂಡು, ಇಲ್ಲಿ ಬಂದು ಹಣ್ಣು ಸುಲೀತಾನೆ" ಎಂದರು ಗೌಡರು. "ಇದಕ್ಕೆ ಏನು ಹೇಳ್ತೀರಿ?"

"ಅಪ್ಪಾ, ಅದು ಬೇರೆ ದೇಶ, ಇದು ಬೇರೆ ದೇಶ. ಇವನೇ ಬೇರೆ" ಎಂದೆ ನಾನು.

"ದೇಶ ಬಿಟ್ಟು ಓಡಿದ್ದಾನೆ ಅಂತ ನಂಗಾಗೂ ಕಾಣ್ತದೆ, ಮೇಷ್ಟ್ರೇ."

ಕೋಣನ ಮುಂದೆ ಕಿನ್ನರಿ ಅಂದರೆ ಹಿರಿಯರನ್ನು ಬೈದ ಹಾಗಾಗುತ್ತದೆ, ಅದಕ್ಕೆ ಆ ಮಾತು ಬೇಡ. ಐವರೂ ತಲೆ ಕೂಡಿಸಿ ತೀರ್ಪು ಕಟ್ಟಿದರು. ಆ ಮನುಷ್ಯ ಮೊದಲ ಹೆಂಡತಿಯನ್ನು ಮನೆಗೆ ಕರೆತರಬೇಕು, ಊರಿಗೆಲ್ಲ ಊಟ ಹಾಕಬೇಕು, ಮೀಸೆ ಬೆಳೆಯುವವರೆಗೆ ಕೂಟದಲ್ಲಿ ಬಾಯಿ ತೆರೆಯಬಾರದು. ತೀರ್ಪು ಸಾರುವ ಮುಂಚೆ, ಹೇಳುವವರು ಇದ್ದೀರಾ ಎಂದು ಮೂರು ಸಲ ಕೇಳುವುದು ಪದ್ಧತಿ. ಗೌಡರು ಒಂದು ಸಲ ಕೇಳಿದರು. ಎರಡು ಸಲ ಕೇಳಿದರು. ಭಾವನಿಗಾದರೂ ಬುದ್ಧಿ ಬೇಡವೇ? ಹಿಡಿಯ ಮೇಲೆ ಕೈಯಿಟ್ಟು ಕಲ್ಲಿನ ಹಾಗೆ ನಿಂತಿದ್ದಾನೆ.

ಚಿತ್ರ ನಿಂತದ್ದು ಏಕೆಂದು ತಿಳಿಯದೆ, ಸೀಲೆಗೆ ಏನಾಯಿತೋ ಎಂದು ಅಕ್ಕ ತೆರೆಯ ಅಂಚಿನಿಂದ ಇಣುಕಿದಳು. ಅರೆವೃತ್ತದಲ್ಲಿ ಕೂತ ಹಿರಿಯರು, ಮೀಸೆಯ ಜಾಗದಲ್ಲಿ ಬೆರಳು ಎಳೆದು ತೋರಿಸುತ್ತಿರುವ ಗೌಡರು, ತಲೆಯ ಮೇಲೆ ಕೈಹೊತ್ತ ನಾನು. ಅವಳಿಗೆ ಇಷ್ಟು ಸಾಕಾಯಿತು. ಕಿವಿ ಕೇಳದವರ ದನಿ ತಮಗೇ ಕೇಳದ್ದರಿಂದ ದೊಡ್ಡದಾಗಿರುತ್ತದೆ. ಗೋದಾಮು ತುಂಬುವ ಹಾಗೆ, "ಅಪ್ಪಾ, ಇವನು ಅವನಲ್ಲ" ಎಂದಳು.

ಎಲ್ಲರೂ ತಿರುಗಿದರು. ಆ ದನಿಯನ್ನು ನಾಲ್ಕು ಜನರ ಮುಂದೆ ಕೇಳಿ ವರ್ಷವೇ ಕಳೆದಿತ್ತು.

"ಆ ಮೀಸೆಯವ ನಗುವಾಗ ಬಾಯಿ ಮಾತ್ರ ನಗುತ್ತಿತ್ತು. ಕಣ್ಣು ಬಾಗಿಲ ಕಡೆಗೆ ಇತ್ತು. ಅವನು ಹೋಗೋನು ಅಂತ ಎನಗ ಮೊದಲೇ ಗೊತ್ತಾಯಿತು. ಇವನು ಹಣ್ಣು ಸುಲೀತಾ ಹೆಮ್ಮಾತಿಯ ಮುಖವ ನೋಡ್ತಾನೆ. ಇಂಥವನು ಬಿಟ್ಟು ಹೋಗೋನಲ್ಲ" ಎಂದಳು ಅಕ್ಕ. ಮತ್ತೆ, "ಹಿಮದಲ್ಲಿ ನಿಂತವಳು ಅವನ ಬೈಯಲೂ ಇಲ್ಲೆ, ಕರೆಯಲೂ ಇಲ್ಲೆ. ಚಳಿಯಾದೀತು, ಕುತ್ತಿಗೆಗೆ ಬಟ್ಟೆ ಸುತ್ತಿಕೋ ಅಂತ ಹೇಳಿದಳು. ನಮ್ಮ ತಮ್ಮ ಏಕ ಹಂಗೆ ಬಾಯಿ ಬಿಟ್ಟು ಅಳ್ತಿದ್ದನೋ ಕಾಣೆ" ಎಂದಳು.

ಗಂಡಸರ ಕಡೆ ನಗು ಎದ್ದಿತು. ಗೌಡರು ಬಹಳ ಹೊತ್ತು ಯೋಚಿಸಿ, ಅಕ್ಕನಿಗೆ ಕಾಣುವ ಹಾಗೆ ಮುಖ ಎತ್ತಿ, ನಿಧಾನವಾಗಿ, "ಸಾಕ್ಷಿ ಸರಿಯಾಗಿದೆ. ಹಣ್ಣು ಸುಲಿದವನ ಬಿಟ್ಟಿದ್ದೇವೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಕೂತ್ಕೊಳ್ಳಿ. ಇನ್ನು ಮೇಲೆ ಅವಳು ಹೇಳಲಿ" ಎಂದರು.

ಇಂಗ್ಲಿಷ್ ಕಲಿತು ಪಾಸಾದ ಮೇಷ್ಟ್ರನ್ನು ಕೂರಿಸಿ, ಒಂದಕ್ಷರ ಬಾರದ ಕಿವುಡಿಯ ಕೈಗೆ ಕಥೆ ಕೊಟ್ಟರು! ನಾನು ತೆರೆಯ ಅಂಚಿನಲ್ಲೇ ಒಂದು ಮೂಟೆಯ ಮೇಲೆ ಸಿಟ್ಟಿನಿಂದ ಕೂತೆ. ಅಕ್ಕ ಹೆಂಗಸರ ನಡುವೆ ಹೋಗಿ ಕೂತಳು. ಅವರು ಒತ್ತರಿಸಿಕೊಂಡು ಜಾಗ ಕೊಟ್ಟರು. ಫ್ರಾನ್ಸನ್ನು ಅವಳು ಅಲ್ಲಿಂದಲೇ ದೊಡ್ಡ ದನಿಯಲ್ಲಿ ಹೇಳಿ ಮುಗಿಸಿದಳು. ತೆರೆಯ ಮೇಲೆ ಬಂದ ಇಂಗ್ಲಿಷಿಗೂ ಅವಳು ಹೇಳಿದ್ದಕ್ಕೂ ನಾಲ್ಕು ಕಡೆ ವ್ಯತ್ಯಾಸವಿತ್ತು. ನಾಲ್ಕು ಕಡೆಯೂ ಅವಳದೇ ಚೆನ್ನಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೊನೆಯದು ಅಮೆರಿಕ. ಒಬ್ಬ ದಪ್ಪ ಮನುಷ್ಯ ಹೆಗಲ ಮೇಲೆ ಉದ್ದದ ಹಲಗೆ ಹೊತ್ತು ಬೀದಿಯಲ್ಲಿ ಬರುತ್ತಾನೆ, ಯಾರೋ ಹಿಂದಿನಿಂದ ಕರೆಯುತ್ತಾರೆ, ತಿರುಗುತ್ತಾನೆ. ಅದಕ್ಕೆ ವಿವರಣೆ ಬೇಕಿರಲಿಲ್ಲ. ಗೌಡರು ಎಲೆಯಡಿಕೆ ನುಂಗಿಕೊಂಡು ಕೆಮ್ಮುವಷ್ಟು ನಕ್ಕರು. ಮಲಯಾಳಿ ಮೂಟೆಯಿಂದ ಕೆಳಗೆ ಜಾರಿದ. ಬಹುಮಾನ ಕೊಡಬೇಕೆಂಬುದೇ ಯಾರಿಗೂ ನೆನಪಾಗಲಿಲ್ಲ. ಚಿತ್ರ ಮುಗಿದು ಬಾಗಿಲು ತೆರೆದಾಗ ಹೊರಗೆ ಕಣಿವೆಯ ತುಂಬ ಮಂಜು. ಜನ ನಗುತ್ತಾ ಮನೆಗೆ ಹೊರಟರು. ಅಕ್ಕ ಹೆಂಗಸರ ಗುಂಪಿನ ಮಧ್ಯೆ, ಎರಡು ಕೈಯನ್ನೂ ಆಡಿಸುತ್ತಾ ಏನೋ ಹೇಳುತ್ತಾ ಹೋದಳು. ಸೀಲೆಗಳ ಕಾವಲು ಅವಳಿಗೆ ಪೂರಾ ಮರೆತುಹೋಗಿತ್ತು.

ಗೋದಾಮಿನಲ್ಲಿ ಉಳಿದವರು ನಾನು ಮತ್ತು ಭಾವ. ಈಗ ಬೈಯಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು, ಊದಿಕೊಂಡ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಬಹಳ ಸಣ್ಣ ದನಿಯಲ್ಲಿ ಕೇಳಿದ. "ತಮ್ಮಾ, ಅವಳು ನಕ್ಕಳಾ?"

ಅವನು ನನ್ನನ್ನು ಮೇಷ್ಟ್ರೇ ಎನ್ನದೆ ತಮ್ಮಾ ಎಂದದ್ದು ಅದೇ ಮೊದಲು.

"ಯಾರು?"

"ನಿನ್ನ ಅಕ್ಕ. ಆ ಹಲಗೆಯವ ಬಂದಾಗ. ಎನಗ ಹಿಡಿ ಬಿಟ್ಟು ಆಚೆ ಬಂದು ನೋಡಲು ಆಗಲಿಲ್ಲೆ. ತೆರೆಯ ಹಿಂದೆ ನೆರಳಾದರೂ ಕಂಡೀತು ಅಂತ ನೋಡಿದೆ, ಕಾಣಲಿಲ್ಲೆ. ಎಲ್ಲರ ಜೊತೆ ನಕ್ಕಳಾ, ಇಲ್ಲಾ ಆಮೇಲೆ ನಕ್ಕಳಾ?"

ಅವನು ಆಲೂಗಡ್ಡೆಯ ಮೂಟೆಯ ಮೇಲೆ ಕೂತ. ಊಟಿಯಲ್ಲಿ ಮಾತಾಡುವ ಸಿನಿಮಾಕ್ಕೆ ಹೋದ ದಿನ ಏನಾಯಿತೆಂದು ಆಗ ಹೇಳಿದ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಕ್ಕ ಅವರ ಮುಖ ನೋಡಿ ತಾನೂ ನಕ್ಕಳಂತೆ. ಆ ಹೊತ್ತಿಗೆ ತೆರೆಯ ಮೇಲೆ ಯಾರೋ ಸಾಯುತ್ತಿದ್ದರಂತೆ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರಂತೆ. ಅಂದಿನಿಂದ ಅವಳು ಜನರ ಮುಂದೆ ನಗುವುದನ್ನೇ ಬಿಟ್ಟಳಂತೆ. ಕೊಯಮತ್ತೂರಿನ ವೈದ್ಯರ ಬಳಿಗೂ ಇಬ್ಬರೂ ಎರಡು ಸಲ ಹೋಗಿ ಬಂದಿದ್ದರಂತೆ, ನಮಗೆಲ್ಲ ಆಲೂಗಡ್ಡೆ ಮಾರಲು ಹೋಗುತ್ತೇವೆಂದು ಹೇಳಿ. ಎರಡು ಸಲವೂ ಅವರು ಆಗುವುದಿಲ್ಲ ಎಂದರಂತೆ. ಯಾರಿಗೂ ಹೇಳಬೇಡ, ತಮ್ಮ ಅತ್ತುಬಿಡುತ್ತಾನೆ ಎಂದು ಅಕ್ಕನೇ ಆಣೆ ಹಾಕಿಸಿಕೊಂಡಳಂತೆ.

ಅವನ ಮುಂದೆ ನಿಂತಿರಲು ನನಗೆ ನಾಚಿಕೆಯಾಯಿತು. ಒಂದು ವರ್ಷದಿಂದ ನಾನು ಅವನಿಗೆ ಅಂದ ಮಾತ್ಯಾವುದನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

"ಹೇಳು, ತಮ್ಮಾ. ಆಮೇಲೆ ನಕ್ಕಳಾ?"

ನಾನು ತೆರೆಯ ಅಂಚಿನಲ್ಲಿ ಕೂತಿದ್ದೆನಲ್ಲ, ಎರಡೂ ಕಡೆ ಕಂಡವನು ಆ ಗೋದಾಮಿನಲ್ಲಿ ನಾನೊಬ್ಬನೇ. "ಇಲ್ಲ ಭಾವ" ಎಂದೆ. "ಆ ಮನುಷ್ಯ ತಿರುಗುವ ಮೊದಲೇ, ಹಲಗೆ ಯಾರಿಗೂ ತಾಗುವ ಮೊದಲೇ ಅಕ್ಕ ನಕ್ಕಳು. ಅವಳ ನಗು ಕೇಳಿ ಮಿಕ್ಕವರು ನಕ್ಕದ್ದು."

ಭಾವ ಮಂಡರೆ ಬಿಚ್ಚಿ ಅದರಲ್ಲಿ ಮುಖ ಮುಚ್ಚಿಕೊಂಡ. ಬಟ್ಟೆಯೊಳಗಿನಿಂದಲೇ, "ಇನ್ನೊಂದು ಸಲ ಹೇಳು" ಎಂದ.

ನಾನು ಇನ್ನೊಂದು ಸಲ ಹೇಳಿದೆ.